ಅಚ್ಚು ಕಳಚದ ಗೋಡೆಗಳು

ಕಳೆದ ಬೇಸಿಗೆಯಲ್ಲಿ ನೆರೆಯ ಊರೊಂದರ ಗ್ರಾಮಸಭೆಗೆ ಹೋಗುವ ಸಂದರ್ಭ ಒದಗಿತು. ಅಂದು ಚರ್ಚೆಗಿದ್ದುದು ಎರಡು ಕಾಮಗಾರಿಗಳು: ಗೋಡೆ ಬಿರುಕುಬಿಟ್ಟಿದ್ದ ಅಂಗನವಾಡಿಗೆ ಹೊಸ ಕಟ್ಟಡ ಮತ್ತು ಅದರ ಹಿಂಬದಿಯ ಧರೆ ಜರಿಯದಂತೆ ಒಂದು ತಡೆಗೋಡೆ. ಗುತ್ತಿಗೆದಾರರ ಪರವಾಗಿ ಬಂದಿದ್ದ ತರುಣರೊಬ್ಬರು ಮೇಜಿನ ಮೇಲೆ ಬಿಳಿಯ ಪ್ಲಾಸ್ಟಿಕ್ಕಿನ ತುಂಡೊಂದನ್ನು ಇಟ್ಟರು. ಗೇಣಗಲದ ಟೊಳ್ಳು ಪೆಟ್ಟಿಗೆಯಂತಹ ವಸ್ತು ಅದು. ಒಳಗೆ ತೂತುಗಳುಳ್ಳ ಅಡ್ಡಪಟ್ಟಿಗಳಿದ್ದವು. ಇಂಥವನ್ನು ಒಂದಕ್ಕೊಂದು ಸಿಕ್ಕಿಸಿ ನಿಲ್ಲಿಸಿ, ಒಳಗೆ ಕಬ್ಬಿಣದ ಸರಳು ಇಳಿಸಿ, ಮೇಲಿನಿಂದ ಕಾಂಕ್ರೀಟ್ ಸುರಿದರೆ ಗೋಡೆ ಸಿದ್ಧ. ಹಲಗೆ ಬೇಡ, ಗಾರೆ ಬೇಡ, ಬಣ್ಣ ಬೇಡ, ನೀರುಣಿಸುವ ಗೋಜೂ ಇಲ್ಲ ಎಂದು ಅವರು ವಿವರಿಸಿದರು. ಸಭೆ ಮೆಚ್ಚುಗೆಯಿಂದ ತಲೆಯಾಡಿಸಿತು. ಆಗ ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಎದ್ದುನಿಂತು, "ಒಳಗೆ ಕಾಂಕ್ರೀಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ನೋಡೋದು ಹೇಗೆ?" ಎಂದು ಕೇಳಿದರು. ತರುಣರು ನಕ್ಕರು, ಸಭೆಯೂ ನಕ್ಕಿತು. ಉತ್ತರ ಮಾತ್ರ ಬರಲಿಲ್ಲ.

ಆ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಮಲೆನಾಡಿನಲ್ಲಿ ಈಗ ಕಟ್ಟುವ ಭರಾಟೆ ನಡೆದಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದ ಬಳಿಕ ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಹೊಸ ಬಡಾವಣೆಗಳೇ ಎದ್ದವು. ಮನೆ ಕಳೆದುಕೊಂಡವರು ಬಹುಕಾಲ ಬಾಡಿಗೆ ಮನೆಗಳಲ್ಲಿ, ಬಂಧುಗಳ ಜಗಲಿಯಲ್ಲಿ ಕಾಯಬೇಕಾಯಿತು. ಅಂಥವರ ಪಾಲಿಗೆ ಬೇಗ ಕಟ್ಟಬಲ್ಲ ಯಾವುದೇ ವಿಧಾನ ವರದಾನವಾಗಿ ಕಾಣುವುದು ಸಹಜ. ಆದುದರಿಂದ ಈ ತಂತ್ರವನ್ನು ಹೆಸರು ಕೇಳಿದೊಡನೆ ತಿರಸ್ಕರಿಸುವುದೂ ತಪ್ಪು, ಹೊಳಪಿಗೆ ಮರುಳಾಗಿ ಒಪ್ಪಿಕೊಳ್ಳುವುದೂ ತಪ್ಪು. ಅದು ಏನು, ಎಲ್ಲಿ ಸಲ್ಲುತ್ತದೆ, ನಮ್ಮ ಇಳಿಜಾರುಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು ತಿಳಿದು ತೀರ್ಮಾನಿಸಬೇಕು.

ಕಾಂಕ್ರೀಟ್ ಗಟ್ಟಿಯಾಗುವ ತನಕ ದ್ರವದಂತೆ ವರ್ತಿಸುತ್ತದೆ. ಅದಕ್ಕೆ ಅಚ್ಚು ಬೇಕು. ನಮ್ಮಲ್ಲಿ ಈ ಅಚ್ಚನ್ನು ಕಾಡುಮರದ ಹಲಗೆ, ಅಡಿಕೆ ದಬ್ಬೆ, ಪ್ಲೈವುಡ್ ಅಥವಾ ಉಕ್ಕಿನ ತಗಡುಗಳಿಂದ ಕಟ್ಟಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಕಳಚುವುದು ರೂಢಿ. ಭಾರತೀಯ ಮಾನಕ ಸಂಸ್ಥೆಯ ಕಾಂಕ್ರೀಟ್ ಸಂಹಿತೆಯಾದ ಐಎಸ್ 456ರ ಪ್ರಕಾರ, ಸಾಮಾನ್ಯ ಸಿಮೆಂಟ್ ಬಳಸಿದ್ದರೆ, ಗೋಡೆಯ ಅಚ್ಚನ್ನು 16ರಿಂದ 24 ಗಂಟೆಗಳ ಬಳಿಕ ತೆಗೆಯಬಹುದು. ಹೊಸ ವಿಧಾನದಲ್ಲಿ ಅಚ್ಚನ್ನು ಕಳಚುವುದೇ ಇಲ್ಲ. ಪಿವಿಸಿ ಎಂಬ ಗಡಸು ಪ್ಲಾಸ್ಟಿಕ್ಕಿನ ಚಿಪ್ಪು ಗೋಡೆಯ ಎರಡೂ ಮೈಗಳಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಕೆನಡಾದಲ್ಲಿ 1990ರ ದಶಕದಲ್ಲಿ ಪ್ರಚಾರಕ್ಕೆ ಬಂದ ಈ ಪದ್ಧತಿ ಆಸ್ಟ್ರೇಲಿಯಾದಲ್ಲಿ ನೆಲಮಾಳಿಗೆಗಳಿಗೆ, ವಸತಿ ಸಮುಚ್ಚಯಗಳಿಗೆ ಬಳಕೆಯಲ್ಲಿದೆ.

ನಮ್ಮ ದೇಶದಲ್ಲಿ ಇದರ ದೊಡ್ಡ ಪ್ರಯೋಗ ನಡೆದುದು ಲಖನೌದಲ್ಲಿ. ಕೇಂದ್ರ ಸರ್ಕಾರವು ಆರು ನಗರಗಳಲ್ಲಿ ಆರು ಬಗೆಯ ನಿರ್ಮಾಣ ತಂತ್ರಗಳನ್ನು ಪರೀಕ್ಷಿಸಲು ಆರಂಭಿಸಿದ 'ಲೈಟ್ ಹೌಸ್' ಯೋಜನೆಗಳಿಗೆ 2021ರ ಜನವರಿ 1ರಂದು ಶಂಕುಸ್ಥಾಪನೆಯಾಯಿತು. ಲಖನೌದ ಪಾಲಿಗೆ ಬಂದುದು ಉಕ್ಕಿನ ಚೌಕಟ್ಟು ಹಾಗೂ ಕಳಚದ ಪಿವಿಸಿ ಅಚ್ಚಿನ ಗೋಡೆ. ಮನೆಗಳ ಸಂಖ್ಯೆ 1,040. ಹನ್ನೆರಡು ತಿಂಗಳ ಗುರಿಯಿಟ್ಟಿದ್ದ ಆ ಕಟ್ಟಡಗಳು ಉದ್ಘಾಟನೆಗೊಂಡುದು 2024ರ ಮಾರ್ಚ್‌ನಲ್ಲಿ. ನಡುವೆ ಕೋವಿಡ್ ಕಾಲವಿತ್ತು, ನಿಜ. ಆದರೆ ಕಟ್ಟಡ ಬೇಗ ಮುಗಿಯುವುದಕ್ಕೆ ಅಚ್ಚೊಂದೇ ಸಾಲದು ಎಂಬುದೂ ಇದರಿಂದ ತಿಳಿಯುತ್ತದೆ. ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು: ಆ ಗೋಡೆಗಳು ಎದ್ದುದು ಗಂಗಾ ಬಯಲಿನ ಸಮತಟ್ಟು ನೆಲದಲ್ಲಿ, ಉಕ್ಕಿನ ಚೌಕಟ್ಟಿನ ಆಸರೆಯಲ್ಲಿ, ಎಂಜಿನಿಯರುಗಳ ಕಣ್ಗಾವಲಿನಲ್ಲಿ. ಈ ಮೂರೂ ನಮ್ಮ ಅಂಗನವಾಡಿಯ ಹಿಂದಿನ ಧರೆಯಲ್ಲಿಲ್ಲ.

ಮೊದಲು ಈ ಪದ್ಧತಿಯ ಗುಣಗಳನ್ನು ಪ್ರಾಮಾಣಿಕವಾಗಿ ಹೇಳಿಬಿಡೋಣ. ಚಿಪ್ಪು ಕಾಂಕ್ರೀಟಿನೊಳಗಿನ ತೇವವನ್ನು ಹಿಡಿದಿಡುವುದರಿಂದ ಗೋಡೆಯ ಮೈಗೆ ದಿನಗಟ್ಟಲೆ ನೀರು ಹಾಕಬೇಕಿಲ್ಲ. ಬೇಸಿಗೆಯಲ್ಲಿ ಕೊಡ ಹೊತ್ತು ನೀರು ತರುವ ಗುಡ್ಡದ ಮೇಲಿನ ಊರಿಗೆ ಇದು ಸಣ್ಣ ಉಪಕಾರವಲ್ಲ. ಪಿವಿಸಿಗೆ ಗೆದ್ದಲು ಹಿಡಿಯುವುದಿಲ್ಲ, ಮಳೆಗೆ ಅದು ಪಾಚಿಗಟ್ಟಿದರೂ ಕೊಳೆಯುವುದಿಲ್ಲ. ಗಾರೆ ಕೆಲಸದವರೇ ಸಿಗದ ಈ ದಿನಗಳಲ್ಲಿ ಕೂಲಿಯೂ ಉಳಿಯುತ್ತದೆ. ಮರದ ಹಲಗೆ ಬೇಡವೆಂಬುದಂತೂ ಪರಿಸರದ ಮಾತಾಡುವ ನಮ್ಮಂಥವರ ಬಾಯಿ ಕಟ್ಟುವ ವಾದ. ಒಂದೊಂದು ಕಟ್ಟಡದ ಅಚ್ಚಿಗೆ, ಊರೆಗೆ ಕಾಡಿನಿಂದ ಗಳುಗಳು ಬರುತ್ತಿದ್ದುದನ್ನು ನಾವು ಕಣ್ಣಾರೆ ಕಂಡವರು. ಆ ಲೆಕ್ಕ ಯಾವ ಕಡತದಲ್ಲೂ ಇಲ್ಲ. ಆದರೆ ಅದೇ ಹಲಗೆ ಹಲವು ಕಟ್ಟಡಗಳಿಗೆ ದುಡಿಯುತ್ತಿತ್ತು, ಉಕ್ಕಿನ ತಗಡು ಇನ್ನೂ ಹೆಚ್ಚು ಸಲ ದುಡಿಯುತ್ತದೆ. ಪಿವಿಸಿ ಅಚ್ಚು ದುಡಿಯುವುದು ಒಂದೇ ಸಲ.

ಅದರ ಪ್ರಮಾಣವನ್ನು ಒಂದಿಷ್ಟು ಲೆಕ್ಕ ಹಾಕೋಣ. ವಿದ್ಯಾರ್ಥಿ ಮಿತ್ರರು ಕಾಗದ ಹಿಡಿದು ಜೊತೆಗೂಡಬಹುದು. ಹತ್ತು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 15 ಸೆಂ.ಮೀ. ದಪ್ಪದ ಗೋಡೆಗೆ ನಾಲ್ಕೂವರೆ ಘನ ಮೀಟರ್ ಕಾಂಕ್ರೀಟ್ ಬೇಕು. ಅಂದರೆ ಸುಮಾರು 10.8 ಟನ್. ಘನ ಮೀಟರಿಗೆ 320 ಕಿಲೋ ಸಿಮೆಂಟ್ ಎಂದು ಹಿಡಿದರೆ 29 ಚೀಲ. ಎರಡೂ ಮೈ ಸೇರಿ 60 ಚದರ ಮೀಟರ್ ಚಿಪ್ಪು. ಅದರ ದಪ್ಪ ಎರಡೂವರೆ ಮಿ.ಮೀ. ಎಂದಿಟ್ಟುಕೊಂಡರೂ, ಅಡ್ಡಪಟ್ಟಿಗಳನ್ನು ಬಿಟ್ಟು, 200 ಕಿಲೋಗೂ ಮಿಕ್ಕಿದ ಪ್ಲಾಸ್ಟಿಕ್ ಆಯಿತು. ಕೈಚೀಲ ಬೇಡವೆಂದು ಸಂತೆಯಲ್ಲಿ ಜಾಗೃತಿ ಮೂಡಿಸುವ ನಾವು ಒಂದು ಗೋಡೆಯಲ್ಲಿ ಎರಡು ಕ್ವಿಂಟಲ್ ಪ್ಲಾಸ್ಟಿಕ್ಕನ್ನು ಊರೊಳಗೆ ತರುತ್ತಿದ್ದೇವೆ. ಸಿಮೆಂಟಿನ ಪಾಲಂತೂ ಎಲ್ಲಿಗೂ ಹೋಗಲಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಉದ್ಯಮದ್ದೇ ಶೇ. 7-8ರಷ್ಟು ಪಾಲು. ಅಚ್ಚು ಬದಲಾದ ಮಾತ್ರಕ್ಕೆ ಗೋಡೆ 'ಹಸಿರು' ಆಗದು.

ಈಗ ಮೇಸ್ತ್ರಿಯವರ ಪ್ರಶ್ನೆಗೆ ಬರೋಣ. ಹಸಿ ಕಾಂಕ್ರೀಟಿನ ತೂಕ ಘನ ಮೀಟರಿಗೆ ಸುಮಾರು 2,400 ಕಿಲೋ. ಮೂರು ಮೀಟರ್ ಎತ್ತರಕ್ಕೆ ಒಂದೇ ಉಸಿರಿನಲ್ಲಿ ಸುರಿದರೆ ಅಚ್ಚಿನ ಬುಡದಲ್ಲಿ ಚದರ ಮೀಟರಿಗೆ ಏಳು ಟನ್ನಿಗೂ ಹೆಚ್ಚಿನ ಒತ್ತಡ ಬೀಳಬಹುದು. ಒಳಗಿನ ಅಡ್ಡಪಟ್ಟಿಗಳು ಇರುವುದೇ ಆ ಒತ್ತಡಕ್ಕೆ ಎರಡು ಮೈಗಳು ಅಗಲದಂತೆ ಹಿಡಿದಿಡಲು. ಆದರೆ ಅದೇ ಪಟ್ಟಿಗಳು, ನಡುವಿನ ಸರಳುಗಳು, ಜಲ್ಲಿಯ ಹಾದಿಗೆ ಅಡ್ಡವಾಗುತ್ತವೆ. ಆದುದರಿಂದ ಸಣ್ಣ ಜಲ್ಲಿಯ, ಸುಲಭವಾಗಿ ಹರಿಯುವ, ರಾಸಾಯನಿಕ ಸೇರಿಸಿ ಹದಗೊಳಿಸಿದ ಮಿಶ್ರಣ ಬೇಕು. ಪದರ ಪದರವಾಗಿ ಸುರಿಯಬೇಕು. ನಮ್ಮಲ್ಲಿ ನಡೆಯುವುದು ಏನು? ಕಾಂಕ್ರೀಟ್ ಇಳಿಯುತ್ತಿಲ್ಲ ಎಂದರೆ ಇನ್ನೊಂದು ಕೊಡ ನೀರು ಹೊಯ್ಯುವುದು. ನೀರು ಹೆಚ್ಚಿದಷ್ಟೂ ಒಣಗಿದ ಮೇಲೆ ಸೂಕ್ಷ್ಮ ರಂಧ್ರಗಳು ಹೆಚ್ಚುತ್ತವೆ, ಬಲ ಕುಗ್ಗುತ್ತದೆ. ಇಳಿಯದೇ ಉಳಿದ ಕಡೆ ಜೇನುಗೂಡಿನಂತಹ ಪೊಳ್ಳು ಉಳಿಯುತ್ತದೆ.

ಹಲಗೆ ಕಳಚುವ ಪದ್ಧತಿಯಲ್ಲೂ ಈ ದೋಷಗಳು ಆಗುತ್ತವೆ. ಆದರೆ ಮರುದಿನ ಹಲಗೆ ತೆಗೆದೊಡನೆ ಗೋಡೆಯ ಮೈ ಕಣ್ಣೆದುರು ನಿಲ್ಲುತ್ತದೆ. ಪೊಳ್ಳು ಕಂಡರೆ ಊರಿನ ಹುಡುಗನೂ ಬೆರಳಿಟ್ಟು ತೋರಿಸಬಲ್ಲ. ಸರಳು ಹೊರಗಿಣುಕಿದರೆ ಪಂಚಾಯತಿ ಸದಸ್ಯರು ಬಿಲ್ಲು ತಡೆಯಬಲ್ಲರು. ಬಡ ಊರುಗಳಿಗೆ ಇರುವ ಗುಣಮಟ್ಟದ ಪರೀಕ್ಷೆ ಇದೊಂದೇ. ಕಳಚದ ಅಚ್ಚು ಈ ಪರೀಕ್ಷೆಯನ್ನೇ ಇಲ್ಲವಾಗಿಸುತ್ತದೆ. ಒಳಗೆ ಏನೇ ಆಗಿರಲಿ, ಹೊರಗೆ ಬಿಳಿಯ ನುಣುಪು ಮೈ. ಬಡಿದು ಸದ್ದು ಕೇಳಬಹುದು, ಅಲ್ಲಲ್ಲಿ ಚಿಪ್ಪು ಕೊರೆದು ನೋಡಬಹುದು, ಉಪಕರಣ ತರಿಸಿ ಅಳೆಯಬಹುದು. ಆದರೆ ಕಾಮಗಾರಿಯ ಒಪ್ಪಂದದಲ್ಲಿ ಇವುಗಳನ್ನು ಬರೆಯಿಸುವವರು ಯಾರು? ಬರೆಯಿಸದಿದ್ದರೆ, ಮುಂದಿನ ಮೂವತ್ತು ವರ್ಷ ಆ ಗೋಡೆಯ ಅಡಿಯಲ್ಲಿ ಮಲಗುವ ಮಗು ನಂಬಿಕೆಯ ಮೇಲೆ ಮಲಗಬೇಕಾಗುತ್ತದೆ.

ಮನೆಯ ಗೋಡೆಯ ವಿಷಯ ಹೀಗಾದರೆ ತಡೆಗೋಡೆಯದು ಇನ್ನೂ ಸೂಕ್ಷ್ಮ. ತಡೆಗೋಡೆ ಮಣ್ಣನ್ನು ತಡೆಯುತ್ತದೆ ಎಂದು ನಾವು ತಿಳಿದಿದ್ದೇವೆ. ಮಲೆನಾಡಿನಲ್ಲಿ ಅದು ಮುಖ್ಯವಾಗಿ ಎದುರಿಸಬೇಕಾದುದು ನೀರನ್ನು. ಮೂರು ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಮಣ್ಣಿನ ಭಾರ ಬಿಟ್ಟು ನೀರೊಂದೇ ಪ್ರತಿ ಮೀಟರ್ ಉದ್ದಕ್ಕೆ ನಾಲ್ಕೂವರೆ ಟನ್ ಬಲದಿಂದ ತಳ್ಳುತ್ತದೆ. ಹತ್ತು ಮೀಟರಿಗೆ 45 ಟನ್. ನಮ್ಮ ಹಿರಿಯರು ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂರಿಸಿ ಕಟ್ಟಿದ ಪಾಗಾರಗಳು ತಲೆಮಾರುಗಳ ಕಾಲ ನಿಂತುದು ಬಲದಿಂದಲ್ಲ, ಸಂದಿಗಳಿಂದ. ಆಷಾಢದಲ್ಲಿ ಅವುಗಳ ಮೈಯೆಲ್ಲ ಒಸರುತ್ತದೆ; ಒಸರುವುದರಿಂದಲೇ ಹಿಂದೆ ನೀರು ಕಟ್ಟಿಕೊಳ್ಳುವುದಿಲ್ಲ. ಕಾಂಕ್ರೀಟ್ ಗೋಡೆಗೆ ಈ ಗುಣ ಹುಟ್ಟಿನಿಂದ ಬರುವುದಿಲ್ಲ. ನೀರುಗಂಡಿಗಳನ್ನು ಬಿಟ್ಟು, ಹಿಂದೆ ಜಲ್ಲಿಯ ಪದರ ಹಾಕಿ, ಬುಡದಲ್ಲಿ ಬಸಿಗಾಲುವೆ ತೆಗೆದು ಅದನ್ನು ಕಲಿಸಬೇಕು. ಪ್ಲಾಸ್ಟಿಕ್ ಚಿಪ್ಪಿನ ಗೋಡೆಯಲ್ಲಿ ಪ್ರತಿ ಗಂಡಿಯನ್ನೂ ಎರಡು ಚಿಪ್ಪುಗಳ ಮೂಲಕ ಮೊದಲೇ ಕೊಳವೆಯಿಟ್ಟು ತರಬೇಕು. ಮರೆತರೆ ಆ ಗೋಡೆ ಗುಡ್ಡದ ಬುಡಕ್ಕೆ ಕಟ್ಟಿದ ಅಣೆಕಟ್ಟು. ಅಷ್ಟೇ ಅಲ್ಲ, ಕಾಂಕ್ರೀಟ್ ಗೋಡೆ ಬೀಳುವ ಮುನ್ನ ಸಾಮಾನ್ಯವಾಗಿ ಬಿರುಕು ತೋರಿಸುತ್ತದೆ, ಕಬ್ಬಿಣ ತುಕ್ಕು ಹಿಡಿದರೆ ಕಂದು ಕಲೆ ಮೂಡುತ್ತದೆ. ಅವೇ ನಮಗೆ ಸಿಗುವ ಮುನ್ಸೂಚನೆಗಳು. ಚಿಪ್ಪು ಅವನ್ನೂ ಮುಚ್ಚುತ್ತದೆ.

2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಡಳಿತ ಭವನದ ಬಳಿ ಎತ್ತರದ ತಡೆಗೋಡೆಯೊಂದು ಉಬ್ಬಿದಾಗ, ಕೆಳಗಿನ ರಸ್ತೆಯಲ್ಲಿ ಮರಳಿನ ಚೀಲಗಳನ್ನು ಪೇರಿಸಿದುದನ್ನು ಅನೇಕರು ಕಂಡಿದ್ದೀರಿ. ಅದು ಪಿವಿಸಿ ಅಚ್ಚಿನ ಗೋಡೆಯಲ್ಲ, ಬೇರೆ ವಿಧಾನದ್ದು. ಆದರೂ ಪಾಠ ಇಲ್ಲಿಗೂ ಸಲ್ಲುತ್ತದೆ: ಉಬ್ಬು ಕಣ್ಣಿಗೆ ಕಂಡಿತು, ಆದುದರಿಂದ ಜನ ಎಚ್ಚೆತ್ತರು. ಇನ್ನೂ ಹಿಂದಕ್ಕೆ ಹೋದರೆ, 2018ರ ಕೊಡಗಿನ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅತಿಮಳೆಯ ಜೊತೆಗೆ, ರಸ್ತೆ-ಕಟ್ಟಡಗಳಿಗಾಗಿ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದುದನ್ನೂ ಬೊಟ್ಟುಮಾಡಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದುದು ಹೆದ್ದಾರಿಯ ಮೇಲೆಯೇ. ಧರೆಯನ್ನು ನೆಟ್ಟಗೆ ಕಡಿದು, ಆಮೇಲೆ ಯಾವ ಅಚ್ಚಿನ ಗೋಡೆ ಕಟ್ಟಬೇಕೆಂದು ಚರ್ಚಿಸುವುದೆಂದರೆ ಗಾಯ ಮಾಡಿ ಪಟ್ಟಿಯ ಬಣ್ಣ ಆರಿಸಿದಂತೆ.

ಮೂರನೆಯ ಮಾತು ಗೋಡೆಯ ಅಂತ್ಯದ್ದು. ನಾವು ಈಗ ವಾಸಿಸುತ್ತಿರುವ ಮನೆಯ ಅರ್ಧದಷ್ಟು ಕೆಂಪುಕಲ್ಲುಗಳು ಅಜ್ಜನ ಕಾಲದ ಮನೆಯವು. ಮಣ್ಣಿನ ಗೋಡೆಯ ಮಣ್ಣು ತೋಟದ ಬುಡಕ್ಕೆ ಹೋಯಿತು. ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಲಾಗದ ಕಾಂಕ್ರೀಟ್ ರಸ್ತೆಗೆ ತುಂಬುವುದಕ್ಕೂ ಒಗ್ಗದು, ಕಾಂಕ್ರೀಟ್ ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರೂ ಮುಟ್ಟರು. ನಗರದಲ್ಲಿ ಅದನ್ನು ಒಯ್ಯಲು ಯಾವುದಾದರೂ ವ್ಯವಸ್ಥೆ ಇದ್ದೀತು. ನಮ್ಮಲ್ಲಿ ಅದು ಹಳ್ಳದ ದಂಡೆಗೆ ಬೀಳುತ್ತದೆ, ಇಲ್ಲವೇ ಬೆಂಕಿಗೆ. ಕೊಯ್ದು ಉಳಿದ ಪಿವಿಸಿ ತುಂಡುಗಳನ್ನು ಬಚ್ಚಲೊಲೆಗೆ, ಅಡಿಕೆ ಬೇಯಿಸುವ ಒಲೆಗೆ ಹಾಕುವುದನ್ನು ನಾವು ನೋಡಿದ್ದೇವೆ. ಶುದ್ಧ ಪಿವಿಸಿಯ ತೂಕದಲ್ಲಿ ಶೇ. 57ರಷ್ಟು ಕ್ಲೋರಿನ್. ಅದು ಸುಲಭವಾಗಿ ಹೊತ್ತಿಕೊಳ್ಳದು. ಆದರೆ ಬಲವಂತವಾಗಿ ಸುಟ್ಟರೆ ಶ್ವಾಸಕೋಶ ಸುಡುವ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ, ಡಯಾಕ್ಸಿನ್ ಎಂಬ ದೀರ್ಘಾಯುಷಿ ವಿಷಗಳೂ ಉಂಟಾಗುತ್ತವೆ. ಪಿವಿಸಿ ಕಾಯಿಸುವಾಗ ಕೆಡದಂತೆ ಸೇರಿಸುವ ವಸ್ತುಗಳಲ್ಲಿ ಸೀಸದ ಸಂಯುಕ್ತಗಳೂ ಇದ್ದವು. ಅದಕ್ಕೆ ಕಡಿವಾಣ ಹಾಕಲು 2021ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನಿಯಮ ತಂದಿತು. ಆದರೆ ಆ ನಿಯಮದ ಹೆಸರೇ ಹೇಳುವಂತೆ ಅದು ಕೊಳವೆ ಮತ್ತು ಅದರ ಜೋಡಣೆಗಳಿಗೆ ಸಂಬಂಧಿಸಿದುದು. ಗೋಡೆಯ ಚಿಪ್ಪಿನಲ್ಲಿ ಏನಿದೆ ಎಂಬುದನ್ನು ಕೊಳ್ಳುವವರೇ ಕೇಳಿ ತಿಳಿಯಬೇಕು.

ಹಾಗಾದರೆ ಪರ್ಯಾಯವೇನು ಎಂಬ ಪ್ರಶ್ನೆ ನ್ಯಾಯವಾದುದು. ಒಂದು ಅಂತಸ್ತಿನ ಅಂಗನವಾಡಿಗೆ ಕಾಂಕ್ರೀಟ್ ಗೋಡೆಯೇ ಬೇಕೆಂಬ ನಿಯಮವಿಲ್ಲ. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳ್ತನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ, ಸ್ಥಳೀಯ ಮಣ್ಣಿಗೆ ಶೇ. 6-8ರಷ್ಟು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಇದನ್ನು ಸುಡಬೇಕಿಲ್ಲ, ಕಟ್ಟಿಗೆ ಬೇಕಿಲ್ಲ. ಮಲೆನಾಡಿನ ಮಳೆಗೆ ಇದು ತಾಳಬೇಕಾದರೆ ಕಲ್ಲಿನ ಪಂಚಾಂಗ ಮತ್ತು ಅಗಲವಾದ ಸೂರು ಬೇಕು. ಅದು ನಮ್ಮ ಮನೆಗಳಿಗೆ ಹೊಸತಲ್ಲ. ಕೆಂಪುಕಲ್ಲು ಸಿಗುವ ಕಡೆ ಅದೂ ಸರಿಯೇ, ಆದರೆ ಕಲ್ಲುಕೋರೆಗಳು ಗುಡ್ಡವನ್ನು ತಿನ್ನುತ್ತಿರುವುದನ್ನು ಮರೆಯದೆ. ಧರೆಯ ವಿಷಯದಲ್ಲಿ ಮೊದಲ ಕೆಲಸ ಕಡಿಯದಿರುವುದು. ಕಡಿದಿದ್ದರೆ ಮೆಟ್ಟಿಲುಗಳಾಗಿ ತಗ್ಗಿಸಿ, ಮೇಲಿನ ನೀರನ್ನು ಕಾದಿಗೆ ತೆಗೆದು ಪಕ್ಕಕ್ಕೆ ತಿರುಗಿಸುವುದು. ತಂತಿಬುಟ್ಟಿಯಲ್ಲಿ ಕಲ್ಲು ತುಂಬಿದ ಗೋಡೆ ನೀರನ್ನು ಬಿಟ್ಟುಕೊಡುತ್ತದೆ, ಸ್ವಲ್ಪ ಬಾಗಿದರೂ ಒಮ್ಮೆಗೇ ಬೀಳುವುದಿಲ್ಲ. ಲಾವಂಚದ ಬೇರು ಅನುಕೂಲ ಮಣ್ಣಿನಲ್ಲಿ ಎರಡು-ಮೂರು ಮೀಟರ್ ಆಳಕ್ಕಿಳಿದು ಮೇಲ್ಪದರವನ್ನು ಹಿಡಿದಿಡುತ್ತದೆ. ಆದರೆ ಆಳದಿಂದ ಜರಿಯುವ ಗುಡ್ಡವನ್ನು ಯಾವ ಹುಲ್ಲೂ ನಿಲ್ಲಿಸದು. ಅಂಥ ಜಾಗದಲ್ಲಿ ಗೋಡೆ ಕಟ್ಟುವುದಕ್ಕಿಂತ ಅಂಗನವಾಡಿಯ ಜಾಗ ಬದಲಿಸುವುದೇ ವಿವೇಕ.

ಇಷ್ಟಾಗಿಯೂ ಪಿವಿಸಿ ಅಚ್ಚಿನ ಗೋಡೆಯೇ ಸೂಕ್ತವೆನಿಸುವ ಸಂದರ್ಭಗಳು ಇರಬಹುದು. ಹಾಗಿದ್ದಲ್ಲಿ ಗ್ರಾಮಸಭೆ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯಲಿ. ಕಾಂಕ್ರೀಟ್ ಎಲ್ಲಿ, ಯಾವ ಹದದಲ್ಲಿ ಕಲಸಲಾಗುತ್ತದೆ, ಎಷ್ಟೆತ್ತರದ ಪದರಗಳಲ್ಲಿ ಸುರಿಯಲಾಗುತ್ತದೆ? ಒಳಗೆ ಪೊಳ್ಳಿಲ್ಲವೆಂದು ಪರೀಕ್ಷಿಸುವವರು ಯಾರು, ಯಾವ ವಿಧಾನದಿಂದ? ತಡೆಗೋಡೆಯಾದರೆ ನೀರುಗಂಡಿಗಳೆಷ್ಟು, ಹಿಂದಿನ ಬಸಿಗಾಲುವೆಯ ನಕ್ಷೆ ಎಲ್ಲಿದೆ? ಚಿಪ್ಪಿನಲ್ಲಿ ಸೀಸವಿಲ್ಲ ಎಂಬುದಕ್ಕೆ ಪ್ರಮಾಣಪತ್ರವಿದೆಯೆ? ಕೊಯ್ದುಳಿದ ತುಂಡುಗಳನ್ನು, ಮುಂದೊಂದು ದಿನ ಒಡೆದ ಗೋಡೆಯನ್ನು, ಯಾರು ಹಿಂದಕ್ಕೆ ಒಯ್ಯುತ್ತಾರೆ? ಉತ್ತರ ಸಿಗದಿದ್ದರೆ ಅಂದಾಜುಪಟ್ಟಿ ಮತ್ತು ನಕ್ಷೆಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ಕೇಳಬಹುದು.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಮಳೆಗಾಲ ನಿಮ್ಮ ಶಾಲೆಯ ದಾರಿಯಲ್ಲಿರುವ ತಡೆಗೋಡೆಗಳ ನೀರುಗಂಡಿಗಳನ್ನು ಎಣಿಸಿ. ಜೋರು ಮಳೆ ನಿಂತ ಮರುದಿನ, ದೂರದಿಂದಲೇ, ಎಷ್ಟು ಗಂಡಿಗಳಲ್ಲಿ ನೀರು ಬರುತ್ತಿದೆ, ಎಷ್ಟು ಮುಚ್ಚಿಹೋಗಿವೆ ಎಂದು ನೋಡಿ ಬರೆದಿಡಿ. ಗೋಡೆ ಉಬ್ಬಿದಂತೆ ಕಂಡರೆ ಹತ್ತಿರ ಹೋಗಬೇಡಿ. ಶಿಕ್ಷಕರಿಗೂ ಪಂಚಾಯತಿಗೂ ತಿಳಿಸಿ. ನೀವು ಕಳುಹಿಸುವ ಪಟ್ಟಿಗಳನ್ನು ಮುಂದಿನ ಸಂಚಿಕೆಗಳಲ್ಲಿ ಊರುವಾರು ಪ್ರಕಟಿಸುತ್ತೇವೆ.

ನೆರೆಯೂರಿನ ಅಂಗನವಾಡಿಯ ತೀರ್ಮಾನ ಇನ್ನೂ ಆಗಿಲ್ಲ. ಮಕ್ಕಳು ಸದ್ಯ ಭಜನಾ ಮಂದಿರದ ಜಗಲಿಯಲ್ಲಿ ಕೂರುತ್ತಿದ್ದಾರೆ. ತಡವಾದಷ್ಟೂ ತೊಂದರೆ ಅವರಿಗೇ ಎಂಬ ಅರಿವು ನಮಗಿದೆ. ಮುಂದಿನ ಸಭೆಗೆ ಆ ಮೇಸ್ತ್ರಿಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ಪಂಚಾಯತಿಯನ್ನು ಕೇಳಿಕೊಂಡಿದ್ದೇವೆ. ಅವರ ಪ್ರಶ್ನೆಯಿಂದಲೇ ಸಭೆ ಆರಂಭವಾಗಲಿ.